ಎರಡನೆಯ ಚಿತ್ರ

ಖೋರೊಗ್ ಆಸ್ಪತ್ರೆಯಲ್ಲಿ ರಾತ್ರಿ ಎರಡೂವರೆ.
ಕಂಬದ ಮೇಲೆ ಕರೆಂಟು ಹಿಡಿದು ಒದರಿ ಬಿಸಾಕಿದ
ಲೈನ್‌ಮನ್ನು ದವ್ಲತ್‌ಶೋ
ಬಲಗೈಯನ್ನು ಹೊಟ್ಟೆಗೆ ಅವುಚಿಕೊಂಡು ಬಂದ,
ಕದ್ದ ಕೋಳಿಯ ಹಾಗೆ.

ಎದುರಿನಿಂದ ತೆಗೆದೆ ಮೊದಲ ಚಿತ್ರ.
ಹೊಸ ಡಾಕ್ಟರು ಬೆಳಕಿಗೆ ಹಿಡಿದು ನೋಡಿ
"ಮೂಳೆ ಗಟ್ಟಿಯಿದೆ, ಬರೀ ಉಳುಕು" ಎಂದು
ಮುಲಾಮು ಬರೆದು ಚಹಾಕ್ಕೆ ಹೋದ.
ತಪ್ಪು ಅವನದೊಂದೇ ಅಲ್ಲ;
ಎದುರಿನಿಂದ ನೋಡಿದರೆ ಯಾರ ಮನೆಯೂ ಸರಿಯೇ.

ನನಗೆ ಒಪ್ಪಲಿಲ್ಲ.
ತೋಳಮೂಳೆಯ ತಲೆ ಊರುಗೋಲಿನ ಹಿಡಿಯಂತೆ
ಒಂದು ಕಡೆ ವಾಲಿರಬೇಕು.
ಇದು ಬಲ್ಬಿನಂತೆ ದುಂಡಗಿತ್ತು.
ಊರಿಗೆಲ್ಲ ಬಲ್ಬು ಹೊತ್ತಿಸುವವನ ಹೆಗಲಲ್ಲಿ
ಆರಿದ್ದೊಂದು.

"ಅಂಗೈ ಮೇಲೆ ಮಾಡು ತಮ್ಮಾ, ಬೇಡುವವರ ಹಾಗೆ."
ತಿರುಗಲಿಲ್ಲ.
"ಬೇಡಿ ಅಭ್ಯಾಸವಿಲ್ಲ ಅಕ್ಕಾ," ಎಂದ, ಹಲ್ಲು ಕಚ್ಚಿ.

ಕೈಯನ್ನು ಒಂದಿಷ್ಟೇ ಇಷ್ಟು ದೂರ ಸರಿಸಿ
ಕಂಕುಳ ಕಡೆಯಿಂದ ಇನ್ನೊಂದು ತೆಗೆದೆ.
ಅಲ್ಲಿತ್ತು:
ಮನೆ ಬಿಟ್ಟು ಹಿತ್ತಿಲಲ್ಲಿ ಕೂತ ತಲೆ,
ಹೊಸ್ತಿಲಿಗೆ ಬಡಿದು
ಹಣೆಯಲ್ಲೊಂದು ಕಚ್ಚು.

ಡಾಕ್ಟರು ಚಹಾ ಬಿಟ್ಟು ಓಡಿಬಂದ.
ಮಂಪರು ಕೊಟ್ಟು, ಇಬ್ಬರು ಹಿಡಿದು, ನಿಧಾನ ಎಳೆದರು.
ಕ್ಳಕ್ ಎಂದದ್ದು ನನ್ನ ಕತ್ತಲಕೋಣೆಗೂ ಕೇಳಿತು.

ಬೆಳಗಿನ ಜಾವ ಮೂರನೆಯ ಚಿತ್ರಕ್ಕೆ ಬಂದವನು
ಜೋಳಿಗೆಯಲ್ಲಿ ಬಲಗೈ ಮಲಗಿಸಿಕೊಂಡು
ಎಡಜೇಬಿನಿಂದ ಒಣ ಹಿಪ್ಪುನೇರಳೆ ತೆಗೆದ,
ಒಂದು ಹಿಡಿ.

ಅಂಗೈ ಚಾಚಿದವಳು ನಾನು.