ತಾಯಿಯ ಉದ್ಯೋಗ

ಫಾರಂನಾಗ ಒಂದ ಸಾಲು ಖಾಲಿ ಬಿಟ್ಟೀನಿ.
ತಂದೆ: ಸಾಬಣ್ಣ, ಗ್ಯಾಸ್ ಗಾಡಿ ಡ್ರೈವರ್.
'ಸಾರಿಗೆ' ಅಂತ ಬರಿ ಅಂದ, ಬರದೆ.
ತಾಯಿಯ ಉದ್ಯೋಗ.
ಪೆನ್ನು ಅಲ್ಲೇ ನಿಂತು ಒಂದು ಚುಕ್ಕಿ ಹಾಕಿತು.

ಯಾದಗಿರಿಯ ಏಪ್ರಿಲ್. ಕ್ವಾಟಿ ಗುಡ್ಡದ ಕಲ್ಲು
ಹತ್ತಕ್ಕೇ ರೊಟ್ಟಿ ಹಂಚಾಗತದ.
ಇದು ನಾವು ನೋಡ್ಲಾಕತ್ತ ಮೂರನೇ ಸಾಲಿ.

ಮೊದಲನೇದು ಸ್ಟೇಷನ್ ರೋಡಿಗೆ,
ಕೆಳಗ ಗೊಬ್ಬರದ ಅಂಗಡಿ, ಮ್ಯಾಲ ನರ್ಸರಿ.
ಜಾರಬಂಡಿ ಮಾಳಗಿ ಮ್ಯಾಲ.
ಅಂಗೈ ಇಟ್ಟು ನೋಡಿದೆ, ಪಟ್ಟನೆ ತೆಗೆದೆ.
"ಮುಂಜಾನಿ ತಂಪಿರತದ್ರೀ" ಅಂದ ಮಾಲಕ.
ಆಗ ಮುಂಜಾನಿನೇ ಇತ್ತು.

ಎರಡನೇದಕ್ಕ ಎ.ಸಿ., ಮೂಲಿ ಮೂಲಿಗೆ ಕ್ಯಾಮೆರಾ,
ಕೂಸು ಏನ್ ಮಾಡ್ಲಾಕತ್ತದ ಮೊಬೈಲ್‌ನಾಗ ನೋಡಬಹುದು.
ಸಾಬಣ್ಣನ ಮಾರಿ ಅರಳಿತು.
ನಾನು, ಪಾಯಖಾನಿ ತೋರಸ್ರಿ ಅಂದೆ.
ಕೀಲಿ ಸಿಗಲಿಕ್ಕೆ ಹತ್ತು ನಿಮಿಷ ಹಿಡೀತು.
ಫೀಸು ಮೂವತ್ತೆರಡು ಸಾವಿರ, ಡ್ರೆಸ್ ಬ್ಯಾರೆ, ಬೂಟು ಬ್ಯಾರೆ,
ಗ್ರ್ಯಾಜುಯೇಷನ್ ದಿನಕ್ಕ ಕರೀ ನಿಲುವಂಗಿ ಬಾಡಿಗಿ ಬ್ಯಾರೆ.
ಇನ್ನೂ ಉಚ್ಚಿ ಹೇಳಲಾಕ ಬರದ ಕೂಸಿಗೆ
ಪದವಿ.

ನನ್ನ ಕಣ್ಣು ಹಂಗೇ ಹೋಗತಾವ, ಹದಿನೈದು ವರ್ಷದ ಚಟ:
ನೀರಿನ ಮುಚ್ಚಳ, ಗ್ವಾಡಿಯ ಮೂಲಿ, ಉಗುರಸಂದಿ.
ಯಾವ ಕೂಸು ಉಂಡು ಬಂದದ,
ಯಾವುದು ಬರೇ ಚಾ ಕುಡದು ಬಂದದ,
ನಡಿಗಿ ನೋಡಿ ಹೇಳತೀನಿ.
ನನ್ನ ಅಂಗನವಾಡಿ ಹಾಜರಿಯಾಗ ಇಪ್ಪತ್ತಾರು ಹೆಸರು.
ಇಪ್ಪತ್ತೇಳನೇದು ಇಂಚರ, ನನ್ನ ಮಗಳು.

ಮೊನ್ನೆ ರೇಣವ್ವ, ಮಗನ್ನ ಬಿಟ್ಟು ಹೋಗಾಕಿ, ಹೊಸ್ತಿಲದಾಗ ನಿಂತು ಅಂದಳು:
"ನಿಮ್ಮಕಿನೂ ಇಲ್ಲೇ ಅದಾಳಂತ
ನಾನೂ ತಂದು ಹಾಕೀನ್ರೀ ಟೀಚರ್."
ಹಲ್ಲಾಗ ಸಿಕ್ಕ ಜ್ವಾಳದ ಸಿಪ್ಪಿ ಆ ಮಾತು.
ನಾಲಿಗಿ ಅಲ್ಲಿಗೇ ಹೋಗತದ.

ಇಂಗ್ಲಿಷ್ ಬರಬೇಕಲ್ಲ ಅಂತಾಳ ಅತ್ತಿ.
ನಾನೂ ಅಂತೀನಿ. ಸುಳ್ಳು ಯಾಕ ಹೇಳಲಿ.
ಮನಿ ಮನಿ ತಿರುಗಿ "ನಮ್ಮಲ್ಲೇ ಎಲ್ಲಾ ಕಲಸ್ತೀವಿ" ಅನ್ನಾಕಿನೂ ನಾನೇ.

ಮೂರನೇದು ಚಿತ್ತಾಪುರ ರೋಡಿಗೆ, ಬಾಡಿಗಿ ಮನಿ.
ದೊಡ್ಡ ಮೇಡಂ ಹಳದಿ ಚೀಟಿ ಎತ್ತಿ ತೋರಿಸಿದರು,
ವಾಟ್ ಕಲರ್, ಬೇಬಿ?
ಇಂಚರ ವಿಚಾರ ಮಾಡಿದಳು, ಎರಡೂ ಕಾಲು ಆಡಿಸಿಕೋತ.
"ತೊಗರಿ ಬ್ಯಾಳಿ" ಅಂದಳು.
ಮೇಡಂ ನಕ್ಕರು. ನಕ್ಕು, ಏನೋ ಬರಕೊಂಡರು.

ಆಗ ನೀರು ತಂದಳು ಒಬ್ಬಾಕಿ ಹುಡುಗಿ,
ನೀಲಿ ಸೀರಿ, ಎದಿ ಮ್ಯಾಲ ಬಿಲ್ಲೆ: ಹನಿ ಮಿಸ್.
ಲೋಟ ಬೆಳಕಿಗೆ ಹಿಡಿದು,
ಒಮ್ಮೆ ತಿರುವಿ ನೋಡಿ,
ಆಮ್ಯಾಲ ಕೂಸಿನ ಕೈಗೆ ಕೊಟ್ಟಳು.

ಅದು ನನ್ನ ಚಾಳಿ.
ಮಾರಿ ನೋಡಿದೆ. ಹಣಮವ್ವ!
ನಾಕು ವರ್ಷದಾಕಿ, ನನ್ನ ಸೆರಗು ಬಿಡದೆ
ಒಂದು ತಿಂಗಳು ಅತ್ತ ಹಣಮವ್ವ.
ಬಾಯಿ ತೆರೆದಳು, ಟೀಚ... ಅನ್ನೋದರಾಗ
ತಲಿ ಅಲುಗಿಸಿದೆ, ಬ್ಯಾಡ.
ತಿಳೀತು ಅಕಿಗೆ. ಖಾಲಿ ಲೋಟ ತಗೊಂಡು ಹೋದಳು.

ಗೇಟಿನ ಹತ್ತರ, ಸಾಬಣ್ಣ ಬೈಕ್ ತಿರುವೂ ಹೊತ್ತಿಗೆ
ಓಡಿ ಬಂದಳು, ಚಪ್ಪಲಿ ಇಲ್ಲದೆ, ಕಾದ ನೆಲದ ಮ್ಯಾಲ.
"ಇಲ್ಲಿ ಪಗಾರ ನಾಕು ಸಾವಿರ, ಟೀಚರ್.
ಅಂಗನವಾಡಿಗೆ ಅರ್ಜಿ ಕರೀತಾರಂತಲ್ಲ,
ನನಗ ಆಗತದೇನು?"
ಒಂದು ಕಾಲಿಂದ ಇನ್ನೊಂದು ಕಾಲಿಗೆ ಜಿಗೀತಾ ಕೇಳಿದಳು.
ನೆರಳಿಗೆ ಬಾ ಮೊದಲ, ಅಂದೆ.

ಕಡೀ ತಾರೀಖು ಶನಿವಾರ.
ಫಾರಂ ನನ್ನ ಕೇಂದ್ರದ ಕಪಾಟಿನಾಗ ಅದ, ತೂಕದ ರಿಜಿಸ್ಟರಿನ ಕೆಳಗ,
ಚುಕ್ಕಿ ಇನ್ನೂ ಚುಕ್ಕಿನೇ.
ಹೊರಗ ರೇಣವ್ವನ ಮಗ ಇಂಚರನ ಜಡಿ ಹಿಡಕೊಂಡು
ರೈಲಾಟ ಆಡ್ಲಾಕತ್ತಾನ.
ಒಲಿ ಹಚ್ಚಿದೆ.
ಇಪ್ಪತ್ತೇಳು ತತ್ತಿ ಕುದಿಯಾಕ ಇಟ್ಟೆ,
ಇವತ್ತಿಗೆ.