ಕೊಸರು

ಶಿಕಾರಪುರ ಅಂದನಂತೆ ಹುಡುಗ, ರೈಲಿಳಿದು.
ಸ್ಟೇಷನ್ನಿನ ಹಮಾಲರು ನಕ್ಕರು: ಅಯ್ಯೋ ಇಲ್ಲೇ,
ಹೊನ್ನಾಳಿ ದಾಟಿದರೆ ಶಿಕಾರಿಪುರ.
ಸಿಂಧ್ ಅನ್ನುವುದು ನದಿಯೋ ಊರೋ
ದಾವಣಗೆರೆಯಲ್ಲಿ ಯಾರಿಗೆ ಗೊತ್ತು ಆ ವರ್ಷ?
ಅವನು ತಿದ್ದಲಿಲ್ಲ.
ಲೋಕೂಮಲ್ ಲೋಕಪ್ಪನಾದದ್ದನ್ನೂ ತಿದ್ದಲಿಲ್ಲ.

ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ
ಒಂದಾಣೆಗೆ ಸೇರು ಅಳೆದ ಹೆಂಗಸು
ಮುಖ ನೋಡಿ ಇನ್ನೊಂದು ಹಿಡಿ ಸುರಿದಳು.
ದುಡ್ಡಿಲ್ಲವೆಂದು ಕೈ ಅಡ್ಡ ಹಿಡಿದ.
"ಹಿಡಿಯೋ ತಮ್ಮಾ, ಕೊಸರು."
ಬಂದ ಮೊದಲ ಕನ್ನಡ ಅದೇ.
ನನಗಿದನ್ನು ನೂರು ಸಲ ಹೇಳಿದ್ದಾರೆ,
ಒಂದೊಂದು ಸಲ ಆಣೆ ಬೇರೆ, ಸೇರು ಬೇರೆ,
ಹಿಡಿ ಮಾತ್ರ ಅಷ್ಟೇ.

ತಲೆಯ ಮೇಲೆ ಬಟ್ಟೆ ಗಂಟು; ಆಮೇಲೆ ಮಂಡಿಪೇಟೆಯಲ್ಲಿ
ಬಾಗಿಲಷ್ಟೇ ಅಗಲದ ಅಂಗಡಿ,
ಗಿರಣಿಯ ಹಾಜರಿ ಚೀಟಿ ನೋಡಿ ಉದ್ರಿ.
ಗಿರಣಿ ಮುಚ್ಚಿದಾಗ ನಮ್ಮಪ್ಪನ ಪುಟಕ್ಕೆ
ಅಡ್ಡಗೀಟು ಎಳೆದರು, ಮಾತಾಡದೆ.
ಅಪ್ಪ ಅಂದ: "ನಿನ್ನ ಸಂಬಳದಾಗೆ ಹಿಡಿದಾನ, ನೋಡ್ಕ್ಯ."

ಈಗ ಐದು ಅಂಗಡಿ. ನಿಟ್ಟುವಳ್ಳಿ, ಹದಡಿ ರೋಡು, ಹರಿಹರ,
ದುರ್ಗದಲ್ಲೊಂದು, ಬಂಡೆಯ ಕಾವಿಗೆ ಅಲ್ಲಿ ಏಸಿ ಸಾಲದು.
ತೊಗರಿಬೇಳೆಯ ಹಣೆಗೂ ಕಪ್ಪುಗೀಟಿನ ಬರಹ.
ಬಿಲ್ಲಿನ ಯಂತ್ರ ಕೂಗಿ ಸುಮ್ಮನಾದ ಮೇಲೆ
ಪಕ್ಕದ ಸ್ಟೂಲಿನಿಂದ ಮುದುಕರ ಕೈ
ಚೀಲಕ್ಕೆ ಒಂದು ಹಿಡಿ ಶೇಂಗಾ ಬಿಡುತ್ತದೆ.
ಎಲ್ಲರಿಗೂ ಅಲ್ಲ. ಯಾರಿಗೆ, ಯಾಕೆ,
ಇಪ್ಪತ್ತು ವರ್ಷಕ್ಕೂ ನನಗೆ ಹತ್ತಿಲ್ಲ:
ಒಮ್ಮೆ ಬುಲೆಟ್ಟಿನಲ್ಲಿ ಬಂದ ಕಂಟ್ರಾಕ್ಟರಿಗೆ,
ಒಮ್ಮೆ ಬರೀ ಬೆಂಕಿಪೊಟ್ಟಣ ಕೊಂಡವಳಿಗೆ.

ತಿಂಗಳ ಕೊನೆಗೆ ಸ್ಟಾಕು ತಾಳೆಯಾಗುವುದಿಲ್ಲ.
ಶೇಂಗಾ, ಹನ್ನೊಂದು ಕೇಜಿ ಕಮ್ಮಿ.
ಕಾರಣದ ಕಾಲಮ್ಮಿನಲ್ಲಿ ಬರೆಯುತ್ತೇನೆ: ಇಲಿ.
ಮುಂದಿನ ತಿಂಗಳೂ ಇಲಿ.

ಮಗ ಹರೇಶ ಬೋನು ತರಿಸಿದ, ಪಾಷಾಣ ಇಡಿಸಿದ,
ಬೆಕ್ಕನ್ನೂ ಸಾಕಿದ;
ಅದು ಶೇಂಗಾ ಮೂಟೆಯ ಮೇಲೆ ಮರಿ ಹಾಕಿತು.
ಕೊನೆಗೆ ಲ್ಯಾಪ್‌ಟಾಪ್ ಹಿಡಿದು ನನ್ನ ಮೇಜಿಗೇ ಬಂದ:
"ಗಾಜಿನ ಬಾಗಿಲು, ಟೈಲ್ಸ್ ನೆಲ, ಒಂದು ಬಿಲ ಇಲ್ಲ.
ಎಲ್ಲಿಂದ ಬರ್ತಾವೆ ಹಾಲಮ್ಮೋರೇ ಈ ಇಲಿ?"

ಸ್ಟೂಲಿನ ಮೇಲೆ ಮುದುಕರು, ಕಿವಿ ಕೇಳದವರಂತೆ,
ಅಂಗೈಯ ಸಿಪ್ಪೆ ಊದುತ್ತಿದ್ದರು.

"ಶಿಕಾರಿಪುರದಿಂದ ಸಾರ್," ಅಂದೆ,
"ಇಲ್ಲೇ, ಹೊನ್ನಾಳಿ ದಾಟಿದರೆ."