ಅಳತೆ ಪುಸ್ತಕ

ರೆಡಿಮೇಡ್ ಒಂದಿತ್ತು. ಒಂದೇ ಸಾಲಿನ ಆಜ್ಞೆಗೆ
ಇಳಿದು ಬಂದು ಕೂತುಕೊಂಡಿತ್ತು.
ಯಾರ ಮೈಗೂ ಆಗಲಿ ಎಂದು ಹೊಲಿದದ್ದು;
ಮಂಜೇಶ್ವರದ ನಮ್ಮ ಲ್ಯಾಬಿನ ಮುದಿ ಕಂಪ್ಯೂಟರಿಗೆ
ಭುಜದಲ್ಲಿ ದೊಗಳೆ, ಕಂಕುಳಲ್ಲಿ ಬಿಗಿ.

ಜಲಜಾಕ್ಷಿ ಟೀಚರ ಮಾತೃಕೆಗೆ
ಅಡ್ಡಸಾಲು ಹನ್ನೊಂದು ಸಾವಿರ, ಕಂಬಸಾಲೂ ಅಷ್ಟೇ:
ಪೈವಳಿಕೆ, ಬಾಯಾರು, ಧರ್ಮತ್ತಡ್ಕದ ಗುಡ್ಡದೊಳಗೆ
ಯಾವ ಸುರಂಗದ ನೀರು ಯಾವುದಕ್ಕೆ ನೆಂಟ ಎಂಬ ಲೆಕ್ಕ.
ಇಪ್ಪತ್ತು ಮಳೆಗಾಲ, ಇಪ್ಪತ್ತು ಸಲ ಬಿಡಿಸಬೇಕು.
ಸಂಜೆ ಹಚ್ಚಿದರೆ ಮರುದಿನ ಮಧ್ಯಾಹ್ನ,
ಅದೂ ಕರೆಂಟು ಕೈಕೊಡದಿದ್ದರೆ.

"ಮೂಲದಿಂದಲೇ ಕಟ್ಟಬೇಕು" ಅಂದೆ.
ಟೀಚರು ಕನ್ನಡಕ ಒರೆಸುತ್ತ ಕೇಳಿದರು,
"ಎಷ್ಟು ಕೋಲು ಆಳ?"

ಗಂಟು ಬಿಚ್ಚಿದೆ. ಮೊದಲ ಹೆಜ್ಜೆಗೇ ಮುಗ್ಗರಿಸಿತು:
ಫೋರ್ಟ್ರಾನ್ ಬೇಕಂತೆ. ನನಗಿಂತ ಹಿರಿಯ ಭಾಷೆ.
ಏಳು ಭಾಷೆ ಸುಧಾರಿಸಿದ ತಾಲೂಕು ಇದು,
ಎಂಟನೆಯದಕ್ಕೊಂದು ಮಣೆ ಹಾಕಿದರಾಯಿತು.
ಎರಡನೆಯ ಸಲ ಇನ್ನೊಂದು ತಕರಾರು:
ಪ್ರೊಸೆಸರು ತನ್ನ ವೇಗ ತಾನೇ ಏರಿಸಿ ಇಳಿಸುತ್ತಿದೆ,
ಹೀಗಾದರೆ ಅಳೆದೂ ಪ್ರಯೋಜನವಿಲ್ಲ.

ಆರನೇ ಕ್ಲಾಸಿನ ಯೂನಿಫಾರ್ಮಿಗೆ, ಉಪ್ಪಳ ಬಸ್‌ಸ್ಟ್ಯಾಂಡಿನ ಹಿಂದೆ,
ಅಂದುಂಞಿಚ್ಚನ ಎದುರು ಎದೆ ಉಬ್ಬಿಸಿ ನಿಂತಿದ್ದೆ,
ಬೆಂಚಿನಲ್ಲಿ ಕಾಯುತ್ತಿದ್ದ ಹುಡುಗರಿಗೆ ಕಾಣಲಿ ಅಂತ.
ಅವರು ಟೇಪು ಹೆಗಲಿಗೆ ಹಾಕಿಕೊಂಡು ಸುಮ್ಮನೆ ಕಾದರು.
"ಉಸಿರು ಬಿಡು ಮೋನೇ. ನೀನು ಬಿಡುವ ತನಕ ನನಗೆ ಕೆಲಸ ಇಲ್ಲ.
ಹಿಡಿದ ಉಸಿರಿಗೆ ಹೊಲಿದರೆ ಅಂಗಿ ಸುಳ್ಳು ಹೇಳುತ್ತದೆ."

ಏರಿಳಿತ ನಿಲ್ಲಿಸಿದೆ. ಬಾಗಿಲು ತೆರೆದಿಟ್ಟು
ಟೇಬಲ್ ಫ್ಯಾನು ಅದರ ಬೆನ್ನಿಗೆ ತಿರುಗಿಸಿದೆ.
ಆಮೇಲೆ ಅದು ಅಳೆಯತೊಡಗಿತು, ತನ್ನನ್ನೇ ತಾನು:
ಇಷ್ಟಗಲದ ತುಂಡಿಗೆ ಎಷ್ಟು ಹೊತ್ತು,
ಇನ್ನೆರಡು ಹೆಚ್ಚಿಸಿದರೆ? ಬೇಡ, ನಾಲ್ಕು ಕಡಿಮೆ ಮಾಡಿದರೆ?

ಅಂದುಂಞಿಚ್ಚ ತುಟಿ ನಡುವೆ ನಾಲ್ಕು ಗುಂಡುಸೂಜಿ ಕಚ್ಚಿರುತ್ತಿದ್ದರು,
ಕಿವಿಯ ಸಂದಿನಲ್ಲಿ ಸೀಮೆಸುಣ್ಣ,
ಮೇಜಿನ ಮೇಲೆ ಕತ್ತರಿಸಿದ ತೋಳು, ಕಾಲರು.
ಬಟ್ಟೆಯ ಥಾನು ಮಾತ್ರ ಅಟ್ಟದಲ್ಲಿ.
ಏಣಿ ಹತ್ತಿದಷ್ಟು ಸಲ ಸಂಜೆ ತಡವಾಗುತ್ತದೆ,
ಅದಕ್ಕೇ ಹತ್ತಿದರೆ ಒಂದೇ ಸಲ,
ಇಳಿಸಿದ್ದೆಲ್ಲ ಮುಗಿಯುವ ತನಕ ಮೇಲೆ ನೋಡುವುದಿಲ್ಲ.
ಲಕ್ಷ ಲಕ್ಷ ಗುಣಾಕಾರದ ಗುಟ್ಟು
ಇದಕ್ಕಿಂತ ದೊಡ್ಡದೇನಲ್ಲ ಎಂದು
ರಾತ್ರಿ ಎರಡಕ್ಕೆ, ಉರುಳುವ ಅಕ್ಷರಗಳ ಮುಂದೆ ಹೊಳೆಯಿತು.
ಎಂಟು ಗಂಟೆ ಅಳೆಯಿತು.
ಕಾರವಾರದ ಕಡೆಗೆ ಹೋಗುವ ಗೂಡ್ಸು ಎರಡು ಸಲ ಕಿಟಕಿ ನಡುಗಿಸಿತು.

ಪರೀಕ್ಷೆಗಳಲ್ಲಿ ತಪ್ಪು ಸೊನ್ನೆ.
ಸ್ಥಾಪಿಸುವ ಮುನ್ನ ಗುಪ್ತಪದ ಕೇಳಿತು,
ಹೊಸಬರು ಕದ ತಟ್ಟಿದರೆ ಮನೆ ಕೇಳುವ ಹಾಗೆ. ಕೊಟ್ಟೆ.

ಒಂದು ಮಳೆಗಾಲಕ್ಕೆ ಎರಡು ನಿಮಿಷ.
ಟೀಚರು ಚಾ ಕುಡಿದು ಬರುವಷ್ಟರಲ್ಲಿ ಒಂಬತ್ತು ವರ್ಷದ ಮಳೆ ಇಂಗಿತ್ತು.
ಬಾಯಾರಿನ ಎರಡು ಸುರಂಗ,
ಬೇಲಿಗಾಗಿ ಕೋರ್ಟು ಹತ್ತಿದ ಎರಡು ಮನೆಯವರದ್ದು.
ಒಳಗೆ ನೀರು ಒಂದೇ.
"ಇದನ್ನು ಹೇಳುವುದು ಯಾರು?" ಅಂದರು ಟೀಚರು.
ಅದಕ್ಕೆ ನನ್ನ ಹತ್ತಿರ ಆಜ್ಞೆ ಇರಲಿಲ್ಲ.

ಮರುವರ್ಷ ಬಂದ ಯಂತ್ರಗಳು ಮೂರು.
ಸೋಮಾರಿತನಕ್ಕೆ ಹಳೆಯದನ್ನೇ ನಕಲಿಸಿದೆ.
ಮೊದಲ ಎರಡು ನಡೆದವು, ಕುಂಟುತ್ತ.
ಮೂರನೆಯದು, ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕಂಥದ್ದು,
"ಅಕ್ರಮ ಆದೇಶ" ಎಂದು ಹೇಳಿ ಅಲ್ಲೇ ಸತ್ತಿತು.

ಆ ವಾರವೇ ಮದುವೆಗೊಂದು ಶರ್ಟು ಬೇಕಾಗಿ ಉಪ್ಪಳಕ್ಕೆ ಹೋಗಿದ್ದೆ.
ಅಂದುಂಞಿಚ್ಚ ಉದ್ದ ಪುಸ್ತಕ ತೆಗೆದರು,
ಎಣ್ಣೆ ಕುಡಿದ ಹಾಳೆಗಳಲ್ಲಿ ಬೆರಳು ಓಡಿಸಿ ನನ್ನನ್ನು ಹುಡುಕಿದರು:
ಎದೆ ಇಪ್ಪತ್ತಾರು, ತೋಳು ಹದಿನೇಳು.
ಅದನ್ನು ಹೊಡೆದುಹಾಕಲಿಲ್ಲ.
ಕೆಳಗೊಂದು ಗೆರೆ ಎಳೆದು, ಟೇಪು ಬಿಚ್ಚಿ,
ನಾನು ಹೊಟ್ಟೆ ಒಳಗೆಳೆದುಕೊಂಡದ್ದು ಕಂಡು
ಸೂಜಿ ಕಚ್ಚಿದ ತುಟಿಯಲ್ಲೇ ನಕ್ಕು
ಕಾಯತೊಡಗಿದರು.